ಶಾಲೆಯ ಎಲ್ಲೆಗೆ ಮಣ್ಣು ಹೊತ್ತದ್ದು

ಮಾಲೂರಿನಲ್ಲಿ ಬೆಳಗಿನ ರೈಲನ್ನು ಹೆದರುತ್ತಲೇ ಹತ್ತಿದೆ. ನಾನು ಮೊದಲೇ ಪುಕ್ಕಲು. ಮನೆಯಲ್ಲಿ ಹೆಂಡತಿ ತುಂಬಿದ ಬಸುರಿ. ಹಿಂದಿನ ಎರಡು ಮಕ್ಕಳೂ ಉಳಿದಿರಲಿಲ್ಲ. ಇತ್ತ ನಾನು ಪಾಠ ಹೇಳುವ ಬೇಸಾಯದ ಶಾಲೆಯ ಗುತ್ತಿಗೆ ಹೊಲವನ್ನು ಅದರ ಮಾಲೀಕರು ಇಟ್ಟಿಗೆ ಗೂಡಿನವರಿಗೆ ಕೊಟ್ಟುಬಿಟ್ಟಿದ್ದರು. ಮುಂಗಾರಿನೊಳಗೆ ಬೇರೆ ನೆಲ ಸಿಗದಿದ್ದರೆ ಶಾಲೆ ಮುಚ್ಚಬೇಕು. ಮುಳಬಾಗಿಲಿನ ಆಚೆಯ ಹಳ್ಳಿಯೊಂದರ ಮುನಿಯಮ್ಮ ಎಂಬ ಮಕ್ಕಳಿಲ್ಲದ ಹೆಂಗಸು ತಮ್ಮ ಹೊಲ, ಬಾವಿ ಎರಡನ್ನೂ ಶಾಲೆಗೆ ಕೊಡುತ್ತೇನೆಂದು ಹೇಳಿಕಳಿಸಿದ್ದರು.

ಕೋಲಾರದಲ್ಲಿ ಇದ್ದಿಲಿನ ಬಸ್ಸು ಹಿಡಿದೆ. ಯುದ್ಧದ ಕಾಲ, ಪೆಟ್ರೋಲಿಲ್ಲ. ಆರಾಣೆ ಕೊಟ್ಟು, ಏರು ಬಂದಲ್ಲೆಲ್ಲ ಇಳಿದು ತಳ್ಳುವ ಭಾಗ್ಯ ನಮ್ಮದು. ಮುಳಬಾಗಿಲಿನಲ್ಲಿ ಕೊಂಡ ಇಡ್ಲಿಯನ್ನು ಅರ್ಧಕ್ಕೇ ಬಿಟ್ಟೆ. ಅಲ್ಲಿಂದ ಶ್ರೀನಿವಾಸಪುರದ ದಾರಿಯಲ್ಲಿ ಎತ್ತಿನ ಗಾಡಿ, ನೆತ್ತಿ ಸುಡುವ ಬಿಸಿಲು.

ಹೊಲದ ಬದುವಿನ ಮೇಲೆ ಊರೇ ನೆರೆದಿತ್ತು. ಮುನಿಯಮ್ಮನವರ ಮೈದುನ ವೆಂಕಟರಾಯಪ್ಪ ಬಾವಿ ತನ್ನ ಪಾಲಿನದೆಂದು ತಕರಾರು ತೆಗೆದಿದ್ದ. ಇಂಥ ಜಗಳಕ್ಕೆ ಅಲ್ಲೊಂದು ಹಳೆಯ ಕಟ್ಟಳೆಯಿದೆ. ಆ ನೆಲದ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ನಡೆಯಬೇಕು, ನಡೆದದ್ದೇ ಎಲ್ಲೆ. ಸುಳ್ಳು ಎಲ್ಲೆ ತುಳಿದವನ ವಂಶ ಉಳಿಯುವುದಿಲ್ಲ.

"ನೆಲ ಉಣ್ಣೋರು ನೀವು. ನೀವೇ ಹೊರ್ಬೇಕು ಮೇಷ್ಟ್ರೇ," ಎಂದ ವೆಂಕಟರಾಯಪ್ಪ.

"ಹೊತ್ಕೊಳ್ಳಪ್ಪ, ಭಯ ಬೇಡ. ಬಾವಿ ನಮ್ಮ ಯಜಮಾನ್ರು ತೋಡ್ಸಿದ್ದು," ಎಂದರು ಮುನಿಯಮ್ಮ.

ಇದೆಲ್ಲ ಮೂಢನಂಬಿಕೆ ಎಂದು ಹುಡುಗರಿಗೆ ಹೇಳುವವನು ನಾನೇ. ಆದರೆ ಹೆಂಟೆ ತಲೆಗೆ ತಾಗಿದ ಕೂಡಲೇ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. ಹುಣಸೆಮರದ ಹತ್ತಿರ ದಾರಿ ಎರಡಾಯಿತು. ಎಡಕ್ಕೆ ಮುನಿಯಮ್ಮ ತೋರಿಸಿದ ಎಲ್ಲೆ. ಹಾಗೆ ನಡೆದರೆ ಬಾವಿ ಶಾಲೆಗೆ. ಬಲಕ್ಕೆ ಮೈದುನ ತೋರಿಸಿದ್ದು. ಬಿಟ್ಟುಕೊಟ್ಟವನಿಗೆ ಪಾಪ ತಟ್ಟದು ಎಂದುಕೊಂಡು, ನೀರಿಲ್ಲದ ಹೊಲದಲ್ಲಿ ಶಾಲೆ ಬದುಕದೆಂದು ಗೊತ್ತಿದ್ದೂ ಬಲಕ್ಕೆ ತಿರುಗಿದೆ.

ನಾಲ್ಕು ಹೆಜ್ಜೆ ಹೋಗಿರಬೇಕು, ವೆಂಕಟರಾಯಪ್ಪ ಓಡಿಬಂದು ನನ್ನ ತೋಳು ಹಿಡಿದ. ಅವನ ಮುಖ ಬಿಳಚಿಕೊಂಡಿತ್ತು.

"ಅಟು ಪೋವದ್ದು ಸಾಮಿ, ಆ ಕಡೆ ಬೇಡ," ಎಂದು ತೆಲುಗು ಕನ್ನಡ ಬೆರೆಸಿ ತೊದಲಿದ. "ಬಾವಿ ಅತ್ತಿಗೇದೇ. ನಾನೇ ಸುಳ್ಳು ಹೇಳ್ದೆ. ಮನೇಲಿ ಸೊಸೆ ಬಸುರಿ ಇದಾಳೆ, ಈ ಪಾಪ ನನಗೆ ಬೇಡ."

ಹಿಂದಕ್ಕೆ ಬಂದು ಎಡಗಡೆಯ ಎಲ್ಲೆ ನಡೆದು ಮುಗಿಸಿದೆ. ಶಾಲೆಗೆ ನೆಲವೂ ಸಿಕ್ಕಿತು, ನೀರೂ ಸಿಕ್ಕಿತು. ಮುನಿಯಮ್ಮ ರಾಗಿಮುದ್ದೆ, ಹುರುಳಿಸಾರು ಬಡಿಸಿದರು. ನನಗೆ ಮಾತ್ರ ಒಂದೇ ಯೋಚನೆ: ಸುಳ್ಳು ಎಲ್ಲೆಯನ್ನು ಆ ನಾಲ್ಕು ಹೆಜ್ಜೆ ತುಳಿದವನು ನಾನು, ವೆಂಕಟರಾಯಪ್ಪನಲ್ಲ.

ಶ್ರೀನಿವಾಸಪುರದಿಂದ ಸಣ್ಣ ರೈಲಿನಲ್ಲಿ ಹಿಂದಿರುಗಿದೆ. ಮಾಲೂರಿನ ಮನೆಯ ಬಾಗಿಲಲ್ಲಿ ಹೆಂಡತಿ ಕಾದಿದ್ದಳು.

"ನೆಲ ಸಿಕ್ತಾ? ತಲೆ ತುಂಬ ಮಣ್ಣೇನ್ರೀ ಇದು?"

ಸಿಕ್ಕಿತು ಎಂದೆ. ಅವಳು ನಗುತ್ತ ಸೆರಗಿನಿಂದ ನನ್ನ ತಲೆ ಒರೆಸಲು ಬಂದಳು. ನಾನು ಅಂಗಳದವರೆಗೂ ಹಿಂದೆ ಸರಿದೆ.