ಫೋರ್ಮನ್ನರ ಇಂಗ್ಲಿಷ್ ಕಾಗದ

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದಾವಣಗೆರೆಯ ಸರಸ್ವತಿ ನಗರದಿಂದ ದಿನಾ ಬಸ್ಸು ಹತ್ತಿ ಹರಿಹರಕ್ಕೆ ಹೋಗುತ್ತಿದ್ದೆ. ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಟೈಪಿಸ್ಟ್. ಇಡೀ ಆಫೀಸಿನಲ್ಲಿ ಇಂಗ್ಲಿಷ್ ಬಿ.ಎ. ಮಾಡಿದವಳು ನಾನೊಬ್ಬಳೇ ಅಂತ ಜಂಬ ಬೇರೆ. ಅದನ್ನು ಮುಚ್ಚಿಟ್ಟುಕೊಳ್ಳೋ ಸ್ವಭಾವ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಒಂದು ದಿನ ಊಟದ ಬಿಡುವಿನಲ್ಲಿ ಹದಡಿ ಊರಿನ ನಮ್ಮ ಫೋರ್ಮನ್ನರು ಕೈ ಒರೆಸಿಕೊಳ್ಳುತ್ತಾ ನನ್ನ ಟೇಬಲ್ ಮುಂದೆ ಬಂದು ನಿಂತರು. ನಮ್ಮ ಹಳೆಯ ಮ್ಯಾನೇಜರು ರಿಟೈರಾಗಿ ಪುಣೆ ಸೇರಿದ್ದರು. ಅವರ ಹೆಂಡತಿ ತೀರಿಕೊಂಡ ಸುದ್ದಿ ಅವತ್ತು ಬೆಳಿಗ್ಗೆ ಬಂದಿತ್ತು.

"ಅವ್ರಿಗೆ ಕನ್ನಡ ಮಾತಾಡಾಕ ಬರ್ತೈತೆ, ಓದಾಕ ಬರಲ್ಲ. ಇಂಗ್ಲಿಷಿನಾಗೆ ಒಂದು ಕಾಗದ ಬರ್ಕೊಡವ್ವ."

ನನಗೆ ಆಶ್ಚರ್ಯ. ಬರಬೇಕಾಗಿದ್ದ ಬಡ್ತಿ ತಪ್ಪಿದ ಮೇಲೆ ಇವರು ಮ್ಯಾನೇಜರ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರು. ಬೀಳ್ಕೊಡುಗೆಗೂ ಬಂದಿರಲಿಲ್ಲ. "ನಮ್ಮ ಜಗಳದಾಗೆ ಆ ತಾಯೀನ ಕೊನೀಗೆ ಒಂದ್ಸಲ ನೋಡ್ಲಿಲ್ಲ. ಈ ಕಾಗದ ನೋಡಿಯಾದ್ರೂ ಅವ್ರು ನನ್ನ ಜೊತಿ ಮಾತಾಡಬೇಕು" ಅಂದರು.

ಸರಿ, ಮೊದಲು ಗ್ರೀಫ್ ಅಂತ ಹಾಕಿದೆ. ಹಂಗಂದ್ರೇನು ಅಂತ ಕೇಳಿದರು. ಎದೆ ಒಡೆಯುವಂಥ ದುಃಖ ಅಂದೆ. "ಅದು ಅವ್ರದು. ನಂದು ಅಂದ್ರೆ ಸುಳ್ಳಾಗ್ತೈತೆ." ಹಾಗಿದ್ರೆ ಸಾರೋ ಅಂತ ಹಾಕಲಾ ಅಂದೆ. ಅದು ಪುಸ್ತಕದಾಗಿನ ದುಃಖ ಅಂತ ನಾನೇ ಬಾಯಿಬಿಟ್ಟೆ, ಅದೂ ಹೋಯಿತು. ಗಿರಾಕಿ ಅಂಗಡಿಯಲ್ಲಿ ಕೂತು ಒಂದೊಂದೇ ಸೀರೆ ಬಿಚ್ಚಿಸಿ ಬೇಡ ಅಂದ ಹಾಗಾಯಿತಲ್ಲ ಅಂತ ಸಿಟ್ಟು ಬಂತು. "ರಿಗ್ರೆಟ್ ಅಂತ ಹಾಕ್ತೀನಿ, ಎಲ್ಲಾ ಆಫೀಸಿನಾಗೂ ಇದೇ ನಡೆಯೋದು" ಅಂದೆ.

"ಅದು ಬ್ಯಾಡವ್ವ. ಅದೊಂದು ನಂಗೆ ಗೊತ್ತೈತೆ."

ಬಡ್ತಿ ಇಲ್ಲ ಅಂತ ಅವರಿಗೆ ಹೋದ ಕಾಗದ ಶುರುವಾಗಿದ್ದೇ ಆ ಪದದಿಂದ, ವಿಷಾದದಿಂದ ತಿಳಿಸುತ್ತೇವೆ ಅಂತ. ಸಹಿ ಮ್ಯಾನೇಜರದ್ದು, ಟೈಪು ನನ್ನದು. ನಾಚಿಕೆಯಿಂದ ತಲೆ ಎತ್ತೋಕಾಗಲಿಲ್ಲ. ಅವರು ಮಾತ್ರ ಅದನ್ನು ಎತ್ತಿ ಆಡದೆ, "ದುಃಖ ಆದ್ರೆ ಇಂಗ್ಲಿಷಿನಾಗೆ ಸಣ್ಣ ಮಕ್ಕಳು ಏನಂತಾರೆ?" ಅಂತ ಕೇಳಿದರು.

"ಸ್ಯಾಡ್ ಅಂತಾರೆ."

"ಅದನ್ನೇ ಹಾಕು. ಕೆಳಗೆ, ಮಾತಾಡಿಸಾಕ ಬರ್ತೀನಿ ಅಂತ ಬರಿ."

ಸಾವಾದ ಮನೆಗೆ ಹೋಗಿ ಒಂದಷ್ಟು ಹೊತ್ತು ಕೂತು ಬರೋದಕ್ಕೆ ನಮ್ಮ ಕಡೆ ಮಾತಾಡಿಸಿಕೊಂಡು ಬರೋದು ಅಂತಾರೆ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೋ ನನ್ನ ಬಿ.ಎ.ಗೆ ಹೊಳೆಯಲಿಲ್ಲ. ಮನೆಗೆ ಬರುತ್ತೇನೆ ಅಂತಷ್ಟೇ ಟೈಪು ಮಾಡಿಕೊಟ್ಟೆ.

ವಾರ ಕಳೆದ ಮೇಲೆ ಮ್ಯಾನೇಜರು ಆಫೀಸಿಗೆ ಫೋನು ಮಾಡಿ, ಬರಲಿ ಅಂದರು. ನನಗಾದ ಖುಷಿ ಅಷ್ಟಿಷ್ಟಲ್ಲ. ಫೋರ್ಮನ್ನರು ನಾಲ್ಕು ದಿನ ರಜೆ ಹಾಕಿ ಹರಿಹರದಲ್ಲಿ ರೈಲು ಹತ್ತಿದರು. ವಾಪಸ್ಸು ಬಂದ ದಿನ ನಾನೇ ಅವರಿದ್ದಲ್ಲಿಗೆ ಹೋಗಿ, "ಏನೇನು ಮಾತಾಡಿದ್ರಿ?" ಅಂತ ಕೇಳಿದೆ.

"ಬಾಳ ಏನಿಲ್ಲವ್ವ. ಹೊತ್ತಾದ್ರೂ ಅವ್ರು ಉಂಡಿರಲಿಲ್ಲ. ನಾನೇ ಅನ್ನ, ಸಾರು ಮಾಡಿದೆ. ಎದುರುಬದುರು ಕೂತು ಉಂಡ್ವಿ. ಎರಡನೇ ಸಲದ ಅನ್ನ ಅವ್ರೇ ಎದ್ದು ನಂಗೆ ಬಡಿಸಿದ್ರು."