ಬಾರದ ಮುಟ್ಟಿಗೆ ಹೊರಗೆ ಕೂರಿಸಿದ್ದು

ಸಿಂಚನಾ, ದರ್ಶನ್, ನಿಮ್ಮಮ್ಮನ ಮುಟ್ಟು ನಿಂತುಹೋಗಿದ್ದನ್ನು ನಾನು ಮುಚ್ಚಿಟ್ಟೆ. ಡಾಕ್ಟರಿಗೂ ಸುಳ್ಳು ಹೇಳಿದೆ. ದರ್ಶನ್, ಗಂಡುಹುಡುಗ ನೀನು, ನಿನ್ನೆದುರು ಇದನ್ನೆಲ್ಲ ಬಾಯಿಬಿಟ್ಟು ಹೇಳಲಾರೆ — ಅದಕ್ಕೇ ಬರೆಯುತ್ತಿದ್ದೇನೆ.

ಆಗ ನನ್ನ ಮಗಳು ಲತಾ, ಅಂದರೆ ನಿಮ್ಮಮ್ಮ, ನಮ್ಮೂರು ದುದ್ದದಿಂದ ಬಸ್ಸಿನಲ್ಲಿ ಹಾಸನದ ಕಾಲೇಜಿಗೆ ಹೋಗಿಬರುತ್ತಿದ್ದಳು. ದಪ್ಪಗಿದ್ದೀನಿ ಅನ್ನುವುದು ಅವಳ ತಲೆಗೆ ಹೇಗೆ ಹೊಕ್ಕಿತೋ — ಮುದ್ದೆಯನ್ನು ಕದ್ದು ಕರುವಿಗೆ ಹಾಕಿ, ಬರೀ ಸಾರು ಕುಡಿದು ಏಳುವಳು. ಮೈ ಇಳಿಯಿತು, ಮುಟ್ಟು ನಿಂತಿತು. ಅದೇ ಹೊತ್ತಿಗೆ ಅರಕಲಗೂಡಿನಿಂದ ಸಂಬಂಧ ಕೇಳಿಕೊಂಡು ಬಂದಿದ್ದರು. ನಮ್ಮಲ್ಲಿ ಮುಟ್ಟಾದವರು ಮೂರು ದಿನ ಜಗಲಿಯ ಮೂಲೆಯಲ್ಲಿ ಕೂರಬೇಕು. ಆ ಮೂಲೆ ಖಾಲಿಯಿದ್ದರೆ ಬೀದಿಯ ಹೆಂಗಸರು ಏನಂದುಕೊಂಡಾರೋ ಎಂದು ಹೆದರಿ, ತಿಂಗಳಿಗೊಮ್ಮೆ ಅವಳನ್ನು ಸುಮ್ಮನೆ ಹೊರಗೆ ಕೂರಿಸಿದೆ. ಅಲ್ಲಿ ಅವಳು ಉಂಡಳೋ ಬಿಟ್ಟಳೋ ನೋಡುವವರೂ ಇರಲಿಲ್ಲ.

ಸೊರಗಿದ್ದಾಳೆಂದು ತೋರಿಸಲು ಕರೆದೊಯ್ದೆ. ಊರಿನ ಡಾಕ್ಟರು "ತಿಂಗಳು ತಿಂಗಳು ಸರಿಯಾಗಿ ಆಗ್ತದಾ?" ಎಂದು ಕೇಳಿದಾಗ, ಲತಾ ಬಾಯಿ ತೆರೆಯುವ ಮುಂಚೆ ನಾನೇ ಅಂದೆ — "ಆಯ್ತಾಳೆ ಸಾ, ಮೊನ್ನೆ ತಾನೆ ಒರಗೆ ಕೂತಿದ್ಲು."

ಅವಳು ನನ್ನ ಮುಖ ನೋಡಿದಳು. ಆ ನೋಟ —

ಡಾಕ್ಟರು ಟಾನಿಕ್ ಬರೆದುಕೊಟ್ಟರು.

ಒಂದು ಬೆಳಿಗ್ಗೆ ಕುದಿಯುವ ಅಂಬಲಿ ಅವಳ ಪಾದದ ಮೇಲೆ ಚೆಲ್ಲಿತು. ಬೊಬ್ಬೆ ಎದ್ದರೂ ಚೀರಲಿಲ್ಲ, ನೆಲ ಒರೆಸತೊಡಗಿದಳು. "ಉರಿಯಲ್ವೇನೇ?" ಅಂದರೆ "ಅಂಗೇನಿಲ್ಲ ಕಣವ್ವ" ಎಂದಳು. ನಿಮ್ಮ ತಾತ "ಗಟ್ಟಿಗಿತ್ತಿ ಕಣೇ ನಮ್ ಲತಾ" ಅಂದರು. ನಾನು ಮಾತ್ರ ಹೆದರಿ, ಅಂದೇ ಅವಳನ್ನು ಹಾಸನದ ಬಸ್ಸು ಹತ್ತಿಸಿದೆ.

ಹಾಸನದ ಆಸ್ಪತ್ರೆಯ ಡಾಕ್ಟರಮ್ಮನೂ ಅದೇ ಪ್ರಶ್ನೆ ಕೇಳಿದರು. ಎಲ್ಲ ಹೇಳಿಬಿಟ್ಟೆ — ಜಗಲಿಯದೂ. ಅವರು ಬೈಯಲಿಲ್ಲ. ಹೀಗೆ ಊಟ ಬಿಡುವುದು ಹಟವಲ್ಲ, ಕಾಯಿಲೆ ಅಂದರು. ಹೊಟ್ಟೆಗಿಲ್ಲದ ಮೈಯಲ್ಲಿ ಹಾರ್ಮೋನು ಕುಸಿದು ಮುಟ್ಟು ನಿಲ್ಲುತ್ತದೆ, ಕೆಲವರಿಗೆ ನೋವು ತಿಳಿಯುವುದೂ ಮಂದವಾಗುತ್ತದೆ ಎಂದರು. "ಇದು ಮೊದಲೇ ಗೊತ್ತಾಗಿದ್ರೆ..." ಎಂದು ನಿಲ್ಲಿಸಿದರು. ಉಳಿದ ಅರ್ಧ ನನಗೆ ಗೊತ್ತಿತ್ತು.

ಗುಣವಾಗಲು ವರ್ಷ ದಾಟಿತು. ಸಂಬಂಧ ತಪ್ಪಿತು, ತಪ್ಪಲಿ. ಒಂದು ದಿನ ಒಗ್ಗರಣೆಯ ಸಾಸಿವೆ ಸಿಡಿದು ಲತಾ "ಸ್ಸ್" ಎಂದು ಕೈ ಕೊಡವಿದಳು. ನಾನು ನಕ್ಕುಬಿಟ್ಟೆ. "ಮಗಳು ಸುಟ್ಕೊಂಡ್ರೆ ನಗ್ತೀಯಲ್ಲ, ನೀನೂ ಒಬ್ಳು ತಾಯಿಯಾ?" ಅಂದಳು. ಯಾಕೆ ನಕ್ಕೆನೆಂದು ಆಗ ಹೇಳಲಾಗಲಿಲ್ಲ.

ಮೊನ್ನೆ ಹೇಳಿದೆ. ತಪ್ಪಾಯಿತು ಕಣಮ್ಮ ಎಂದೆ. ಅವಳು "ಮಕ್ಕಳಿಗೂ ಹೇಳವ್ವ" ಎಂದಳು. ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಆದರೂ ಎದೆ ಹಗುರಾಗಿದೆ.

ಈ ಹಾಳೆಗಳನ್ನು ಜೋಪಾನವಾಗಿಡಿ. ನಿಮ್ಮ ಮನೆಯಲ್ಲಿ ಯಾರಾದರೂ ತಟ್ಟೆ ಸರಿಸತೊಡಗಿದರೆ, ಮರ್ಯಾದೆಯ ಯೋಚನೆ ಬರುವ ಮೊದಲೇ ಇವನ್ನು ತೆಗೆದು ಓದಿಕೊಳ್ಳಿ.