ಅಬ್ಬಾಸಿಯಾದ ಬೇವಿಗೆ ಕಟ್ಟೆ ಕಟ್ಟಿದ್ದು

ಕುವೈತಿನಲ್ಲಿ ಸಾಲುಮರ ನೋಡಬೇಕಾದರೆ ನಾನು ಕೆಲಸಕ್ಕೆ ಹೋಗಬೇಕಿತ್ತು. ತಮಾಷೆಗೆ ಹೇಳುತ್ತಿಲ್ಲ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಮೀನಾ ಅಲ್ ಅಹ್ಮದಿಯಲ್ಲಿ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ನಾನು ಸ್ಟೋರ್ ಕೀಪರ್. ಬೆಳಕು ಹರಿಯುವ ಮೊದಲು ನಾವು ವಾಸವಿದ್ದ ಅಬ್ಬಾಸಿಯಾದ ಧೂಳಿನಲ್ಲಿ ನಿಂತು ಕಂಪನಿ ಬಸ್ಸು ಹತ್ತಿ, ಸೀಟಿಗೆ ತಲೆ ಕೊಟ್ಟು ನಿದ್ದೆ ಹೋಗುತ್ತಿದ್ದೆ. ಕಣ್ಣು ಬಿಡುವಾಗ ಬಸ್ಸು ಅಹ್ಮದಿ ಊರಿನ ಒಳಗೆ. ರಸ್ತೆಯ ಎರಡೂ ಬದಿ ಮರ, ಮನೆಗಳ ಮುಂದೆ ಹುಲ್ಲು, ಹುಲ್ಲಿಗೆ ತಿರುತಿರುಗಿ ನೀರು ಚಿಮ್ಮುವ ಪೈಪು. ಅಷ್ಟು ನೆರಳಿದ್ದರೂ ಅದರಡಿ ಒಬ್ಬ ನರಪಿಳ್ಳೆ ಇಲ್ಲ. ಅಲ್ಲಿಯವರಿಗೆ ಕಾರುಂಟು, ಕಾರಿನೊಳಗೆ ಎಸಿ ಉಂಟು, ನೆರಳು ಎಂತಕ್ಕೆ? ಮದುವೆ ಹಾಲ್‌ನಲ್ಲಿ ಊಟ ಮುಗಿದ ಮೇಲಿನ ಕುರ್ಚಿಗಳ ಹಾಗೆ ಅದು ಸುಮ್ಮನೆ ಬಿದ್ದುಕೊಂಡಿರುತ್ತಿತ್ತು.

ನೆರಳು ಬೇಕಾದ ಜನವೆಲ್ಲ ಅಬ್ಬಾಸಿಯಾದಲ್ಲಿ ಇದ್ದೆವು. ರಜೆ ದಿನ ಮಧ್ಯಾಹ್ನ ಬಸ್‌ಸ್ಟಾಪಿಗೆ ಹೋದರೆ ನೋಡಬೇಕಿತ್ತು. ಒಂದು ಲೈಟುಕಂಬ, ಅದರ ನೆರಳು ನೆಲದ ಮೇಲೆ ಪಟ್ಟಿಯ ಹಾಗೆ ಬಿದ್ದಿರುವುದು, ಆ ಪಟ್ಟಿಯೊಳಗೆ ಒಬ್ಬರ ಬೆನ್ನ ಹಿಂದೆ ಒಬ್ಬರು ಸಾಲಾಗಿ ನಿಂತವರು. ಮಲಯಾಳಿ, ತೆಲುಗ, ಬಂಗಾಳಿ, ತುಳುವ, ಬ್ಯಾರಿ, ಎಲ್ಲರೂ ಕಂಬದಷ್ಟೇ ಅಗಲ. ಸೂರ್ಯ ಸರಿದ ಹಾಗೆ ಸಾಲೂ ಸರಿಯುತ್ತಿತ್ತು. ಅಂಥ ಶಿಸ್ತು ನಾನು ಶಾಲೆಯ ಅಸೆಂಬ್ಲಿಯಲ್ಲೂ ನೋಡಿಲ್ಲ.

ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಖಾಲಿ ಜಾಗ ಇತ್ತು. ಯಾರದೆಂದು ಯಾರಿಗೂ ಗೊತ್ತಿಲ್ಲ. ಊರಿಗೆ ಹೋಗುವವರು ಮುರಿದ ಮಂಚ, ಕೆಟ್ಟ ಫ್ರಿಡ್ಜು, ಹರಿದ ಸೋಫಾ ತಂದು ಅಲ್ಲಿ ಹಾಕಿ ಏರ್‌ಪೋರ್ಟಿಗೆ ಹೋಗುತ್ತಿದ್ದರು. ಆ ಸಾಮಾನುಗಳ ಮಧ್ಯೆ ಒಂದು ಬೇವಿನ ಮರ. ಇಡೀ ಬೀದಿಗೆ ಅದೊಂದೇ ಹಸಿರು.

ಅದನ್ನು ನೆಟ್ಟವರು ಕಾರ್ಕಳ ಕಡೆಯ ಒಬ್ಬ ಅಕ್ಕ. ನಮ್ಮ ಬಿಲ್ಡಿಂಗಿನ ಕೆಲವು ಮನೆಗಳಿಗೆ ಗಂಟೆಯ ಲೆಕ್ಕದಲ್ಲಿ ಕೆಲಸಕ್ಕೆ ಬರುತ್ತಿದ್ದರು, ನಮ್ಮ ಮನೆಗೂ. ಮೊದಲು ಅವರು ಒಂದು ದೊಡ್ಡ ವಿಲ್ಲಾದಲ್ಲಿ ಕೆಲಸಕ್ಕೆ ಇದ್ದರಂತೆ. ಅಲ್ಲಿ ಗೋಡೆಯ ಬುಡದಲ್ಲಿ ಬೇವಿನ ಸಸಿಯೊಂದು ತನ್ನಷ್ಟಕ್ಕೆ ಎದ್ದಾಗ ಮನೆಯ ಅಮ್ಮ, ಸಾಲುಗಿಡದ ಚಂದ ಕೆಡುತ್ತದೆ, ಕಿತ್ತು ಬಿಸಾಡು ಎಂದರಂತೆ. "ಬಿಸಾಡಿದೆ. ಎಲ್ಲಿ ಬಿಸಾಡಬೇಕು ಅಂತ ಅವರು ಹೇಳಿರಲಿಲ್ಲ" ಎಂದು ಅಕ್ಕ ನಗುತ್ತಿದ್ದರು.

ನೀರಿಗೆ ಅವರದ್ದೇ ಉಪಾಯ. ನಮ್ಮದು ಹಳೇ ಬಿಲ್ಡಿಂಗು, ಎಲ್ಲ ಕಿಟಕಿ ಎಸಿ. ಒಂದೊಂದರ ಕೆಳಗೂ ಎಣ್ಣೆ ಡಬ್ಬ ಕಟ್ಟಿ ಹನಿ ನೀರು ಹಿಡಿಯುತ್ತಿದ್ದೆವು, ಇಲ್ಲದಿದ್ದರೆ ಕೆಳಗಿನ ಮನೆಯವರ ಜಗಳ. ಕೆಲಸ ಮುಗಿಸಿ ಹೋಗುವಾಗ ಆ ಡಬ್ಬಗಳನ್ನೆಲ್ಲ ಬಕೆಟಿಗೆ ಸುರಿದುಕೊಂಡು ಮೆಟ್ಟಿಲಿಳಿದು ಅಕ್ಕ ಬೇವಿಗೆ ಹೊಯ್ಯುವರು. ನಾವು ತಂಪಾಗಿ ಮಲಗಿದ್ದರ ನೀರು ಕುಡಿದು ಮರ ಬೆಳೆಯಿತು. ಅಷ್ಟೇ ನಮ್ಮ ಕೊಡುಗೆ.

ಆ ಮರ ಅಕ್ಕನಿಗೆ ಎಷ್ಟು ಬೇಕಿತ್ತೆಂದು ನನಗೆ ತಿಳಿಯಲಿಕ್ಕೂ ಸಮಯ ಹಿಡಿಯಿತು. ಬೆಳಗಿನ ಮನೆಗಳು ಮಧ್ಯಾಹ್ನಕ್ಕೆ ಮುಗಿಯುವವು, ಸಂಜೆಯ ಮನೆಗಳು ಶುರುವಾಗಲು ಬಹಳ ಹೊತ್ತು. ರೂಮಿಗೆ ಹೋಗುವಂತಿಲ್ಲ. ರೂಮಿನಲ್ಲಿ ಅವರಿಗಿದ್ದದ್ದು ಅರ್ಧ ಮಂಚ. ಅಗಲದಲ್ಲಿ ಅರ್ಧ ಅಲ್ಲ, ದಿನದಲ್ಲಿ ಅರ್ಧ. ರಾತ್ರಿ ಇವರು, ಹಗಲು ರಾತ್ರಿಪಾಳಿಯ ಇನ್ನೊಬ್ಬಳು ಹೆಂಗಸು. ಹಾಗಾಗಿ ಮಧ್ಯಾಹ್ನದ ಅಷ್ಟು ಹೊತ್ತು ಕುವೈತ್ ಎಂಬ ಇಡೀ ದೇಶದಲ್ಲಿ ಅಕ್ಕನಿಗೆ ಕೂರಲು ಇದ್ದದ್ದು ಬೇವಿನಡಿಯ ಹರಿದ ಸೋಫಾ ಒಂದೇ. ತಲೆಗೆ ಒದ್ದೆ ಟವೆಲು ಹಾಕಿ, ಬುತ್ತಿ ಬಿಚ್ಚಿ ಉಂಡು, ಕಾಲು ಮೇಲಿಟ್ಟು ಒಂದು ಕೋಳಿನಿದ್ದೆ.

ನನ್ನ ಹೆಂಡತಿ ಎಷ್ಟೋ ಸಲ ಮನೆಗೆ ಕರೆದಿದ್ದಳು. "ಆ ಸೆಕೆಯಲ್ಲಿ ಎಂತಕ್ಕೆ ಅಕ್ಕ? ಎಸಿ ಉಂಟು, ಇಲ್ಲೇ ಅಡ್ಡಾಗಿ."

"ಬೇಡ ಮಾರಾಯ್ತಿ. ನಿನ್ನ ಮನೆಯಲ್ಲಿ ಕೂತರೆ ಸಿಂಕಿನಲ್ಲಿದ್ದ ಪಾತ್ರೆ ಕಣ್ಣಿಗೆ ಬೀಳ್ತದೆ. ಅಲ್ಲಿ ಕೂತರೆ ನಾನು ಯಾರ ಕೆಲಸದವಳೂ ಅಲ್ಲ."

ಹೆಂಡತಿ ಮತ್ತೆ ಕರೆಯಲಿಲ್ಲ. ಫ್ಲಾಸ್ಕಿನಲ್ಲಿ ಚಾ ಕೊಟ್ಟು ಕಳಿಸುತ್ತಿದ್ದಳು.

ಇಷ್ಟರಲ್ಲೇ ಇದ್ದಿದ್ದರೆ ಆ ಮರ ಇವತ್ತಿಗೂ ಇರುತ್ತಿತ್ತೇನೋ. ಆದರೆ ಅದು ಬೇವು ನೋಡಿ, ಬೇವು ಅಂದ ಮೇಲೆ ಯುಗಾದಿ ಬರಬೇಕಲ್ಲ. ಕುವೈತಿನ ಕನ್ನಡಿಗರದೊಂದು ಸಂಘ ಇತ್ತು, ನಮ್ಮ ಆ ಸಂಘದಲ್ಲಿ ಯುಗಾದಿ ದೊಡ್ಡ ಕಾರ್ಯಕ್ರಮ. ಬೆಲ್ಲ ಸಿಗುತ್ತಿತ್ತು, ಬೇವು ಸಿಗುತ್ತಿರಲಿಲ್ಲ. ಹಾಗಲಕಾಯಿ ಕೊಚ್ಚಿ ಬೆಲ್ಲಕ್ಕೆ ಹಾಕಿ, ಬಾಳಿನ ಕಹಿಯ ಬಗ್ಗೆ ಭಾಷಣ ಬಿಗಿದು ಸುಧಾರಿಸಿಕೊಳ್ಳುತ್ತಿದ್ದೆವು. ಒಂದು ವರ್ಷ ನನ್ನ ಹೆಂಡತಿ ಅಕ್ಕನನ್ನು ಕೇಳಿ ಒಂದು ಚೀಲ ಬೇವಿನ ಎಲೆ ಒಯ್ದಳು. ನಮ್ಮ ಅಧ್ಯಕ್ಷರು ಆ ಎಲೆ ಮೂಸಿದವರೇ ಕಣ್ಣಲ್ಲಿ ನೀರು ತಂದುಕೊಂಡರು.

ಅಧ್ಯಕ್ಷರು ಸಾಲ್ಮಿಯಾದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಫ್ಲಾಟಿನವರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಒಳ್ಳೆಯ ಮನಸ್ಸು, ಒಳ್ಳೆಯ ಗಂಟಲು. ಮರುವಾರ ಕಾರು ಮಾಡಿಕೊಂಡು ಬಂದು ಮರ ನೋಡಿದರು. ಕಸ ನೋಡಿ ಮೂಗು ಮುಚ್ಚಿದರು. ಮೂಗು ಮುಚ್ಚಿಕೊಂಡೇ ಹೇಳಿದರು, "ಛೆ, ಇಂಥ ಮರಕ್ಕೆ ಒಂದು ಕಟ್ಟೆ ಇಲ್ಲವಲ್ಲ!"

ನಮ್ಮ ಜನರ ರೋಗ ಇದೇ. ಮರ ಕಂಡರೆ ಮಲಯಾಳಿ ಅದರಡಿ ಕೂತು ಪೇಪರು ಓದುತ್ತಾನೆ, ಪಂಜಾಬಿ ಮಲಗುತ್ತಾನೆ, ನಮಗೆ ಕಟ್ಟೆ ಕಟ್ಟದೆ ಇರಲಿಕ್ಕೆ ಆಗುವುದಿಲ್ಲ. ಕಟ್ಟೆ ಆದರೆ ಉದ್ಘಾಟನೆ, ಉದ್ಘಾಟನೆ ಎಂದರೆ ಮುಖ್ಯ ಅತಿಥಿ, ಶಾಲು, ಬ್ಯಾನರು. ಕಮಿಟಿ ಆಗಿಯೇ ಹೋಯಿತು. ಕಂಟ್ರಾಕ್ಟಿಂಗ್ ಕೆಲಸದ ಸದಸ್ಯರೊಬ್ಬರು ಬ್ಲಾಕು, ಸಿಮೆಂಟು ಕೊಡುತ್ತೇನೆ ಎಂದರು.

ಕೆಳಗೆ ಬಕಾಲ ಇಟ್ಟುಕೊಂಡಿದ್ದ ಬ್ಯಾರಿಗಳೊಬ್ಬರು ಮಾತ್ರ ಬೇಡ ಅಂದರು. ಬಕಾಲ ಅಂದರೆ ನಮ್ಮ ಊರಿನ ದಿನಸಿ ಅಂಗಡಿಯೇ. ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು ಅವರು. "ಸರ್, ಮರ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಕಟ್ಟೆ ಎಲ್ಲಿಂದಲೋ ಬರುವುದಿಲ್ಲ ಸರ್."

"ಬ್ಯಾರಿಗಳೇ, ನೀವು ಹೆದರುವುದು ಜಾಸ್ತಿ" ಎಂದು ಅಧ್ಯಕ್ಷರು ಅವರ ಬೆನ್ನು ತಟ್ಟಿದರು.

ಅಕ್ಕನೂ ಸೆರಗು ಸುತ್ತಿಕೊಂಡು ಮೆಲ್ಲಗೆ ಹೇಳಿದರು, "ನನಗೆ ಸೋಫಾ ಸಾಕು ಸರ್."

"ಎಂತ ಅಕ್ಕ ನೀವು! ನಿಮಗೋಸ್ಕರವೇ ಅಲ್ವಾ ಇದೆಲ್ಲ? ಊರಿನ ಕಟ್ಟೆಯಲ್ಲಿ ಕೂತ ಹಾಗೆ ಆಗಬೇಕು ನಿಮಗೆ."

ಒಂದು ಶುಕ್ರವಾರ ಎಲ್ಲರೂ ಸೇರಿ ಕಸ ಎತ್ತಿದರು. ಆ ಜಾಗದಲ್ಲಿ ಕಸ ಎತ್ತಿದ್ದು ಅದೇ ಮೊದಲು. ಕಸದ ಜೊತೆ ಸೋಫಾವೂ ಪಿಕಪ್ ಹತ್ತಿತು. ಬೇವಿನ ಸುತ್ತ ದುಂಡಗಿನ ಕಟ್ಟೆ ಎದ್ದಿತು, ಅದಕ್ಕೆ ಬಿಳಿ ಟೈಲ್ಸ್ ಬೇರೆ. ಉದ್ಘಾಟನೆಯ ದಿನ ಬೇವಿಗೆ ಹಾರ ಹಾಕಿ, ಶಾಲು ಹೊದಿಸಿ ಫೋಟೋ ತೆಗೆದರು. ಸಾಲ್ಮಿಯಾದಿಂದ, ಎಗೈಲಾದಿಂದ ಕಾರುಗಳು ಬಂದವು. ಅಲ್ಲಿಯ ಮಕ್ಕಳು ಮರದ ಬಗ್ಗೆ ಇಂಗ್ಲಿಷಿನಲ್ಲಿ ಭಾಷಣ ಮಾಡಿದವು. ಬ್ಲಾಕು ಕೊಟ್ಟವರಿಗೆ, ಮೈಕು ತಂದವರಿಗೆ, ಬ್ಯಾನರು ಬರೆಸಿದವರಿಗೆ ಧನ್ಯವಾದ ಹೇಳಿದರು. ಕೊನೆಗೆ ಯಾರೋ ನೆನಪಿಸಿದ ಮೇಲೆ, ನೀರೆರೆದ ಅಕ್ಕನಿಗೂ ಒಂದು ಚಪ್ಪಾಳೆ ಬಿತ್ತು. ಅಕ್ಕ ಆಗ ಅಲ್ಲಿರಲಿಲ್ಲ. ಹಿಂದೆ ಪಾನಕದ ಲೋಟ ಹೆಕ್ಕುತ್ತಿದ್ದರು.

ಕಟ್ಟೆಯ ಮೇಲೆ ಅಕ್ಕನಿಗೆ ಸರಿಯಾಗಿ ಕೂರಲಿಕ್ಕೂ ಆಗಲಿಲ್ಲ. ಬೆಳಗಿನ ಬಿಸಿಲು ಕುಡಿದ ಟೈಲ್ಸ್ ಮಧ್ಯಾಹ್ನಕ್ಕೆ ಕಾದ ಕಾವಲಿ. ಅವರು ಕಟ್ಟೆಗೆ ಬೆನ್ನು ತಾಗದ ಹಾಗೆ ಕೆಳಗೆ ಮರಳಿನಲ್ಲಿ ರಟ್ಟು ಹಾಸಿಕೊಂಡು ಕೂರುವುದನ್ನು ನಾನೇ ಕಂಡೆ. "ಹೇಗುಂಟು ಅಕ್ಕ ಕಟ್ಟೆ?" ಎಂದರೆ "ನೋಡಲಿಕ್ಕೆ ಲಾಯ್ಕ ಉಂಟು" ಎಂದರು.

ಆಮೇಲೆ ಒಂದು ರಜೆ ದಿನ ದೊಡ್ಡ ಕಾರೊಂದು ಬಂದು ನಿಂತಿತು. ಅರಬ್ಬರ ಬಿಳಿ ನಿಲುವಂಗಿ ದಿಶ್‌ದಾಶ ತೊಟ್ಟ ಹಿರಿಯರೊಬ್ಬರು ಇಳಿದು ಕಟ್ಟೆಯ ಸುತ್ತ ಒಂದು ಸುತ್ತು ಬಂದರು. ಜಾಗ ಅವರದು, ಅಣ್ಣತಮ್ಮಂದಿರ ಪಾಲಿನದು. ಇಂಥದ್ದೊಂದು ಜಾಗ ಇದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಯಾರೋ ಪರಿಚಯದವರು ನಿನ್ನ ಜಾಗದಲ್ಲಿ ಕಟ್ಟಡ ಏಳುತ್ತಿದೆ ಎಂದರಂತೆ. ಬ್ಯಾರಿಗಳು ಓಡಿಹೋಗಿ ಕುರ್ಚಿ ಹಾಕಿ ಚಾ ಕೊಟ್ಟರು. ಒಳ್ಳೆಯ ಮನುಷ್ಯರೇ ಅವರು, ಕೂತು ಚಾ ಕುಡಿದರು, ಗಂಟಲು ಏರಿಸಲಿಲ್ಲ. ಬ್ಯಾರಿಗಳು ಅರಬ್ಬಿಯಲ್ಲಿ ಅಂಗಲಾಚುವುದು, ನಮಗೆ ಕನ್ನಡದಲ್ಲಿ ಹೇಳುವುದು ನಡೆಯಿತು. ಕಟ್ಟೆ ಇವತ್ತೇ ಒಡೆಯುತ್ತೇವೆ ಬಾಬಾ, ಮರ ಒಂದು ಇರಲಿ, ಒಬ್ಬಳು ಹೆಂಗಸು ಕೂರುತ್ತಾಳೆ ಎಂದು ಬೇಡಿಕೊಂಡರು.

ಹಿರಿಯರು ಮರವನ್ನು ಒಮ್ಮೆ ನೋಡಿದರು. "ಮರ ಇದ್ದರೆ ಜನ ಬರ್ತಾರೆ. ಜನ ಬಂದರೆ ಮತ್ತೆ ಕಟ್ಟೆ ಬರ್ತದೆ. ಖಲಾಸ್" ಎಂದರು.

ನಮ್ಮ ಸಂಘವನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರ ದನಿ ಸಣ್ಣದಾಯಿತು. "ಅಯ್ಯೋ, ಬೇಡ ಮಾರಾಯ, ತಕರಾರು ಮಾಡಬೇಡಿ. ನಾಳೆ ಇಕಾಮಾಕ್ಕೆ ಏನಾದರೂ ಆದರೆ?" ಇಕಾಮಾ ಅಂದರೆ ಅಲ್ಲಿ ಇರಲಿಕ್ಕೆ ಕೊಡುವ ಪರವಾನಗಿ. ಅವರ ಇಕಾಮಾಕ್ಕೆ ಏನೂ ಆಗಲಿಲ್ಲ. ಬುಲ್ಡೋಜರು ಬಂದು ಟೈಲ್ಸ್, ಬ್ಲಾಕು, ಬೇವು ಎಲ್ಲವನ್ನೂ ಒಟ್ಟಿಗೆ ಕಿತ್ತು ಒಂದು ಬದಿಗೆ ತಳ್ಳಿ ಹೋಯಿತು.

ಅಕ್ಕ ಬೆಳಗಿನ ಮನೆ ಮುಗಿಸಿ, ಒಂದು ಕೈಯಲ್ಲಿ ಎಸಿ ನೀರಿನ ಬಕೆಟು, ಇನ್ನೊಂದರಲ್ಲಿ ಬುತ್ತಿ ಹಿಡಿದು ಕೆಳಗೆ ಬಂದರು. ನಿಂತು ನೋಡಿದರು. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಕೇಳಿದ್ದು ಒಂದೇ ಮಾತು, "ಆ ಸೋಫಾ ಎಲ್ಲಿ ಹಾಕಿದ್ದು ನೀವು?"

ಆ ಬೇಸಗೆ ಅಕ್ಕ ಮೆಟ್ಟಿಲ ಮೇಲೆ ಕೂತರು. ಹಾರಿಸ್, ಅಂದರೆ ನಮ್ಮ ಬಿಲ್ಡಿಂಗು ಕಾಯುವವನು, ದಾರಿಗೆ ಅಡ್ಡ ಎಂದು ಎಬ್ಬಿಸಿದ. ಬಕಾಲದ ಹಿಂದೆ ಅಕ್ಕಿ ಮೂಟೆಯ ಮೇಲೆ ಕೂತರು, ಸ್ಟಾಕು ಬಂದ ದಿನ ಅದೂ ಇಲ್ಲ. ಕೊನೆಗೆ ನಮ್ಮ ಮನೆಗೇ ಬಂದು ಅಡುಗೆ ಕೋಣೆಯ ಬಾಗಿಲಲ್ಲಿ ಕೂತರು, ಕೂತವರು ಎದ್ದು ಪಾತ್ರೆ ತೊಳೆದರು. ಬೇಡ ಅಂದರೂ ಕೇಳಲಿಲ್ಲ. ನನ್ನ ಹೆಂಡತಿ ಒಳಗೆ ಹೋಗಿ ಅತ್ತಳು. ಆ ಕಡೆ ಸಂಘದವರು ಬೇವಿಗೆ ಒಂದು ನಿಮಿಷದ ಮೌನ ಆಚರಿಸಿ, ಮುಂದಿನ ವನಮಹೋತ್ಸವವನ್ನು ಅಹ್ಮದಿಯ ಪಾರ್ಕಿನಲ್ಲಿ ಬಿರಿಯಾನಿ ಸಮೇತ ಮಾಡುವುದೆಂದು ಗೊತ್ತುಮಾಡಿದರು. ಅಲ್ಲಿ ಮರ ಮೊದಲೇ ಇತ್ತಲ್ಲ, ಯಾವ ತಕರಾರೂ ಇಲ್ಲ.

ಜಾಗದ ಯಜಮಾನರು ಮತ್ತೆ ಬರಲಿಲ್ಲ, ಪುನಃ ಮರೆತರೋ ಏನೋ. ಊರಿಗೆ ಹೋಗುವವರು ಎಂದಿನಂತೆ ಮಂಚ, ಫ್ರಿಡ್ಜು ತಂದು ಹಾಕಿದರು. ಚಳಿ ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ಅಕ್ಕ ಬಕೆಟು ಹಿಡಿದು ಆ ಕಡೆ ಹೋಗುವುದು ಕಿಟಕಿಯಿಂದ ಕಾಣಿಸಿತು. ನಾನೂ ಇಳಿದು ಹೋದೆ. ಒಂದು ಮುರಿದ ವಾಷಿಂಗ್ ಮೆಷಿನ್, ಅದಕ್ಕೆ ಒರಗಿಸಿದ ಮಂಚದ ಹಲಗೆ, ಮೇಲೆ ಹರಿದ ಚಾಪೆ. ಅವುಗಳ ನಡುವಿನ ಸಂದಿಯಲ್ಲಿ ಬೇವಿನ ಉಳಿದ ಬೇರಿನಿಂದ ಕೆಂಪು ಚಿಗುರು ನಾಲ್ಕಾರು ಎದ್ದು ನಿಂತಿದ್ದವು.

"ಅಕ್ಕಾ! ಬದುಕಿದೆ! ಇದನ್ನು..." ಎಂದೆ.

ಅಕ್ಕ ಚಾಪೆ ಮತ್ತೆ ಎಳೆದು ಮುಚ್ಚಿದರು. "ಯಾರಿಗೂ ಹೇಳಬೇಡಿ. ಕಸ ಅಂತಲೇ ಕಾಣಲಿ."

ಮರುದಿನ ನಮ್ಮ ಮನೆಯ ಕೆಟ್ಟ ಟೀವಿ ಹೊತ್ತುಕೊಂಡು ಹೋಗಿ ರಸ್ತೆಗೆ ಕಾಣುವ ಬದಿಯಲ್ಲಿಟ್ಟೆ. ಬ್ಯಾರಿಗಳು ಖಾಲಿ ಕ್ರೇಟುಗಳನ್ನು ತಂದು ಪೇರಿಸಿದರು. ನೋಡಿದವರಿಗೆ ಅಸಹ್ಯವಾಗಬೇಕು, ಹಾಗೆ.

ಯುಗಾದಿಗೆ ವಾರ ಇರುವಾಗ ಅಧ್ಯಕ್ಷರ ಫೋನು. "ಮಾರಾಯ, ಆ ಬೇವು ಎಲ್ಲಾದರೂ ಸ್ವಲ್ಪ ಚಿಗುರಿದೆಯಾ ನೋಡು. ಒಂದು ಹಿಡಿ ಎಲೆ ಸಾಕಿತ್ತು."

ಕಿಟಕಿಯ ಹತ್ತಿರ ಹೋದೆ. ಕೆಳಗೆ ಕಸದ ರಾಶಿಯ ಪಕ್ಕ ಅಕ್ಕ ಚಾಪೆ ಸರಿಸಿ, ತಲೆಗೆ ಟವೆಲು ಹಾಕಿ ಕೂತಿದ್ದರು. ಚಿಗುರಿನ ನೆರಳು ಅವರ ಪಾದಕ್ಕೆ ಸಾಲುವಷ್ಟಿತ್ತು. ಪಾದಗಳೆರಡನ್ನೂ ಅದರೊಳಗೆ ಇಟ್ಟುಕೊಂಡಿದ್ದರು.

"ಇಲ್ಲ ಸರ್, ಇಲ್ಲಿ ಬರೀ ಕಸ" ಎಂದೆ. "ನೀವು ಹಾಗಲಕಾಯಿಯೇ ಹಾಕಿ."